ಹುಲ್ಲುಹಾಸಿನಡಿಯ ಕೆರೆ

ಪುಣೆಯ ಇಂದಿನ ನಕ್ಷೆಯ ಮೇಲೆ ಬ್ರಿಟಿಷರ ಕಾಲದ್ದೊಂದನ್ನು ಕಂಪ್ಯೂಟರಿನಲ್ಲಿ ಹೊಂದಿಸಿಟ್ಟು ನೋಡಿ. ಸಂಜೆ ಮಕ್ಕಳು ಓಡಾಡುವ ಸಾರಸ್‌ಬಾಗಿನ ಹುಲ್ಲುಹಾಸು ಇದೆಯಲ್ಲ, ಅಲ್ಲಿ ನೀರು! ಪರ್ವತಿ ಗುಡ್ಡದ ಬುಡದಲ್ಲಿ ಇಡೀ ಒಂದು ಕೆರೆ, ನಟ್ಟನಡುವೆ ಗಣಪತಿಯ ನಡುಗಡ್ಡೆ. ಕೆರೆ ಹೋಯಿತು, ಗಣಪ ಕದಲಲಿಲ್ಲ. ಪುಣೆಯವರಿಗೆ ಅವನು ಇವತ್ತಿಗೂ ‘ತಳ್ಯಾತ್ಲಾ ಗಣಪತಿ’, ಕೆರೆಯೊಳಗಿನ ಗಣಪ.

ಕೆರೆಗೆ ನೀರು ತಂದದ್ದು ಕಾತ್ರಜ್ ಕಡೆಯಿಂದ ಇಳಿಯುವ ಆಂಬಿಲ್ ಓಢಾ ಎಂಬ ಹಳ್ಳ. ಅದರ ನೀಲಿ ಗೆರೆಯನ್ನೇ ಬೆರಳಲ್ಲಿ ಹಿಡಿದು ಹೋಗಿ: ಪೇಟೆಗಳ ತಂಟೆಗೇ ಬಾರದೆ ಪಶ್ಚಿಮಕ್ಕೆ ಸರಿದು ಮುಠಾ ನದಿ ಸೇರುತ್ತದೆ. ಮೊದಲು ಹಾಗಿರಲಿಲ್ಲ! ಊರೊಳಗೇ ಹಾದು ಹೋಗುತ್ತಿದ್ದ ಹಳ್ಳವನ್ನು ಹೊರಕ್ಕೆ ತಿರುಗಿಸಿದವರು ನಾನಾಸಾಹೇಬ ಪೇಶ್ವೆ. ನೀರು ಬಿಟ್ಟುಕೊಟ್ಟ ಜಾಗದಲ್ಲಿ ಪೇಟೆ ಬೆಳೆಯಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಇದೇ ಹಳ್ಳ ಉಕ್ಕಿ, ದಂಡೆಯ ಬಡಾವಣೆಗಳಿಗೆ ನುಗ್ಗಿ, ಜೀವಗಳನ್ನೇ ಬಲಿ ತೆಗೆದುಕೊಂಡಿತು. ಮನೆ ಕೊಳ್ಳುವವರು ಪತ್ರದ ಜೊತೆಗೆ ಹಳೆಯ ನಕ್ಷೆಯನ್ನೂ ನೋಡಬೇಕೆಂಬುದು ನನ್ನ ಹಟ.

ಮುಠಾ ದಾಟಿ. ಇಂದಿನ ಶಿವಾಜಿನಗರವಿರುವಲ್ಲಿ ಭಾಂಬುರ್ಡೆ ಎಂಬ ಹಳ್ಳಿ, ಸುತ್ತ ಹೊಲ. ಜಂಗಲಿ ಮಹಾರಾಜ್ ರಸ್ತೆಯ ಗದ್ದಲದಲ್ಲಿ ಕಂಡೂ ಕಾಣದ ಪಾತಾಳೇಶ್ವರ ಗುಹೆ ಆಗ ಊರಾಚೆಯ ಬಂಡೆ. ಎಂಟನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು, ಅಂದರೆ ನಮ್ಮವರದು!

ಆ ಕಾಲಕ್ಕೆ ಕಾಗದದ ನಕ್ಷೆ ಎಲ್ಲಿಂದ ಬರಬೇಕು? ತಾಮ್ರದ್ದಿದೆ. ಗಂಗರ ಮೇಲೆ ದಂಡೆತ್ತಿ ಬಂದಿದ್ದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ, 768ರಲ್ಲಿ ನಮ್ಮ ನೆಲಮಂಗಲ ಸೀಮೆಯ ಮಣ್ಣೆಯಲ್ಲಿ ಬೀಡುಬಿಟ್ಟಿದ್ದಾಗ ಪೂನಕ ವಿಷಯದಲ್ಲಿ, ಅಂದರೆ ಪುಣೆ ಸೀಮೆಯಲ್ಲಿ, ಭೂಮಿ ದಾನ ಕೊಟ್ಟ. ಅದರ ತಾಮ್ರಪಟ ಪುಣೆ ಬಳಿಯ ತಳೇಗಾವಿನಲ್ಲಿ ಸಿಕ್ಕಿತು. ಸಂಸ್ಕೃತದಲ್ಲಿ ಕೊರೆದ ಚೆಕ್ಕುಬಂದಿ ಓದಿದರೆ ಮೈ ಜುಮ್ಮೆನ್ನುತ್ತದೆ: ಪಶ್ಚಿಮಕ್ಕೆ ಆಳಂದಿ, ಥೇಊರು, ಉತ್ತರಕ್ಕೆ ಮುಳಾ ನದಿ. ಜ್ಞಾನೇಶ್ವರರ ಆಳಂದಿಯಲ್ಲ, ಥೇಊರಿನ ನೆರೆಯದು. ಥೇಊರಂತೂ ಅಷ್ಟವಿನಾಯಕ ಯಾತ್ರೆಗೆ ಹೋದವರೆಲ್ಲ ಇಳಿದ ಊರೇ. ಮಣ್ಣೆಯಲ್ಲಿ ಕೂತು ಹೇಳಿಸಿದ ಎಲ್ಲೆಯನ್ನು ಮೊಬೈಲ್ ನಕ್ಷೆಯಲ್ಲಿ ಈಗಲೇ ಹುಡುಕಿ. ಎರಡೂ ಊರು ಸಿಗುತ್ತವೆ, ಉತ್ತರಕ್ಕೆ ನದಿಯೂ ಹರಿಯುತ್ತಿದೆ!