ಕೆನರಾ ಕಾಫಿಲಾ

ಕೆನರಾ ಕಾಫಿಲಾ ಎಂಬುದು 16 ಮತ್ತು 17ನೆಯ ಶತಮಾನಗಳಲ್ಲಿ ಕೆನರಾ ಕರಾವಳಿಯಿಂದ ಗೋವೆಗೆ ಅಕ್ಕಿ ಸಾಗಿಸುತ್ತಿದ್ದ ಸರಕು ದೋಣಿಗಳ ತಂಡ. ಇಂದಿನ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕರಾವಳಿಯನ್ನು ಆ ಕಾಲದಲ್ಲಿ ಕೆನರಾ ಎಂದು ಕರೆಯಲಾಗುತ್ತಿತ್ತು. ಈ ದೋಣಿಗಳು ಪೋರ್ಚುಗೀಸ್ ಯುದ್ಧನೌಕೆಗಳ ಬೆಂಗಾವಲಿನಲ್ಲಿ ಸಂಚರಿಸುತ್ತಿದ್ದವು. ‘ಕಾಫಿಲಾ’ ಎಂಬುದು ಅರಬ್ಬೀ ಮೂಲದ ಪದ. ಮರುಭೂಮಿಯಲ್ಲಿ ಕೂಡಿ ಸಾಗುವ ವರ್ತಕರ ಸಾರ್ಥಕ್ಕೆ ಇದ್ದ ಈ ಹೆಸರು ಕಡಲ ಸಾರ್ಥಕ್ಕೂ ಬಂದಿತು. ಗುಜರಾತಿನ ಬಂದರುಗಳಿಗೂ ಇಂತಹ ಕಾಫಿಲಾ ಇತ್ತು.

ಭೌಗೋಳಿಕ ಹಿನ್ನೆಲೆ

ಈ ಕರಾವಳಿಯ ನದಿಗಳು ಪಶ್ಚಿಮ ಘಟ್ಟದಿಂದ ಇಳಿದು, ಮರಳದಿಣ್ಣೆಗಳ ಹಿಂದೆ ತಿರುಗಿ ಸಮುದ್ರವನ್ನು ಸೇರುತ್ತವೆ. ಉಡುಪಿಯ ಸಮೀಪದ ಹೂಡೆ ಇದಕ್ಕೆ ಉತ್ತಮ ಉದಾಹರಣೆ. ಊರಿನ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸ್ವರ್ಣಾ ನದಿ. ಉತ್ತರದ ಕೋಡಿಬೆಂಗ್ರೆಯ ಬಳಿ ಸ್ವರ್ಣಾ ಮತ್ತು ಸೀತಾ ನದಿಗಳು ಒಂದೇ ಅಳಿವೆಯಲ್ಲಿ ಕಡಲನ್ನು ಕೂಡುತ್ತವೆ. ಇಂತಹ ಅಳಿವೆಗಳ ಒಳಗೆ ಹಳೆಯ ವ್ಯಾಪಾರ ಕೇಂದ್ರಗಳಾದ ಬಾರಕೂರು, ಕಲ್ಯಾಣಪುರ, ಬಸ್ರೂರುಗಳು ಬೆಳೆದವು. ಆಳ ಕಡಿಮೆಯಿರುವ ಅಳಿವೆಯೊಳಗೆ ದೊಡ್ಡ ಹಡಗುಗಳು ನುಗ್ಗಲಾರವು. ಹುಟ್ಟು ಹಾಕುವ ಹಗುರ ದೋಣಿಗಳು ಸುಲಭವಾಗಿ ಹೋಗಿ ಬರಬಲ್ಲವು. ಆದ್ದರಿಂದ ಈ ನೆಲೆಗಳು ವರ್ತಕನಿಗೆ ಆಶ್ರಯವಾದಂತೆಯೇ, ಹೊಂಚುಹಾಕುವವನಿಗೂ ಅನುಕೂಲವಾಗಿದ್ದವು.

ಪಶ್ಚಿಮ ಕರಾವಳಿಯ ಕಡಲ್ಗಳ್ಳರ ಉಲ್ಲೇಖ ಬಹಳ ಹಳೆಯದು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ‘ನಿತ್ರಿಯಾಸ್’ ಎಂಬ ಸ್ಥಳದ ಕಡಲ್ಗಳ್ಳರ ಭೀತಿಯನ್ನು ದಾಖಲಿಸಿದ್ದಾನೆ. ಕೆಲವು ವಿದ್ವಾಂಸರು ಈ ಹೆಸರನ್ನು ನೇತ್ರಾವತಿ ನದಿಯೊಂದಿಗೆ ಹೊಂದಿಸುತ್ತಾರೆ. 13ನೆಯ ಶತಮಾನದ ಮಾರ್ಕೊ ಪೋಲೊ, ಮಲಬಾರಿನ ಕಡಲ್ಗಳ್ಳರ ನೌಕೆಗಳು ಕೆಲವು ಮೈಲಿಗಳ ಅಂತರದಲ್ಲಿ ಸಾಲಾಗಿ ನಿಂತು, ಹಡಗು ಕಂಡೊಡನೆ ಬೆಂಕಿ ಅಥವಾ ಹೊಗೆಯ ಸಂಜ್ಞೆಯಿಂದ ಪರಸ್ಪರ ತಿಳಿಸುತ್ತಿದ್ದವೆಂದು ವರ್ಣಿಸಿದ್ದಾನೆ.

ಅಕ್ಕಿಗಾಗಿ ಪೈಪೋಟಿ

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಗೋವೆಯಲ್ಲಿ ಬೆಳೆಯುತ್ತಿದ್ದ ಭತ್ತ ಆ ನಗರಕ್ಕೆ ಸಾಲುತ್ತಿರಲಿಲ್ಲ. ಮಲಬಾರಿನ ಸ್ಥಿತಿಯೂ ಅದೇ; ಕಾಳುಮೆಣಸು, ತೆಂಗು ಹೇರಳವಾಗಿದ್ದರೂ ಅಕ್ಕಿ ಹೊರಗಿನಿಂದ ಬರಬೇಕಾಗಿತ್ತು. ಮಲಬಾರಿನ ದೋಣಿಗಳು ತೆಂಗಿನಕಾಯಿ, ಎಣ್ಣೆ, ಬೆಲ್ಲಗಳನ್ನು ತಂದು ಬಾರಕೂರಿನ ಕಡೆಯಿಂದ ಅಕ್ಕಿ ಒಯ್ಯುತ್ತಿದ್ದವೆಂದು ಪೋರ್ಚುಗೀಸ್ ಲೇಖಕ ಡುವಾರ್ಟೆ ಬಾರ್ಬೋಸಾ 16ನೆಯ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. ಹೀಗೆ ಪರಸ್ಪರ ಶತ್ರುಗಳಾದ ಗೋವೆ ಮತ್ತು ಕಲ್ಲಿಕೋಟೆ ಎರಡಕ್ಕೂ ಕೆನರಾದ ಅಕ್ಕಿಯೇ ಆಧಾರವಾಗಿತ್ತು. ಎದುರಾಳಿಯ ಅಕ್ಕಿಯನ್ನು ತಡೆಯುವುದು ಯುದ್ಧದ ಒಂದು ಆಯುಧವಾಯಿತು. 1526ರಲ್ಲಿ ಲೋಪೊ ವಾಜ್ ದ ಸಂಪಾಯೊ ಎಂಬ ಪೋರ್ಚುಗೀಸ್ ಅಧಿಕಾರಿ ಕಲ್ಲಿಕೋಟೆಯ ನೌಕಾಪಡೆಯನ್ನು ಬಾರಕೂರಿನ ಬಳಿ ಸೋಲಿಸಿದನು.

ಕಡಲ್ಗಳ್ಳರೋ, ನೌಕಾಪಡೆಯೋ?

ಕಲ್ಲಿಕೋಟೆಯ ಸಾಮೂದಿರಿಯ ಪರವಾಗಿ ಕಡಲಲ್ಲಿ ಹೋರಾಡಿದವರಲ್ಲಿ ಕುಂಞಾಲಿ ಮರಕ್ಕಾರರು ಪ್ರಸಿದ್ಧರು. ಪೋರ್ಚುಗೀಸ್ ದಾಖಲೆಗಳು ಇವರನ್ನು ಕಡಲ್ಗಳ್ಳರೆಂದು ಕರೆಯುತ್ತವೆ. ಕಲ್ಲಿಕೋಟೆಯ ದೃಷ್ಟಿಯಲ್ಲಿ ಅವರು ರಾಜನ ನೌಕಾನಾಯಕರು. ಯೂರೋಪಿನಲ್ಲಿ ಯುದ್ಧಕಾಲದಲ್ಲಿ ಶತ್ರು ಹಡಗುಗಳನ್ನು ಹಿಡಿಯಲು ಖಾಸಗಿ ನೌಕೆಗಳಿಗೆ ರಾಜರು ಅನುಮತಿಪತ್ರ ನೀಡುತ್ತಿದ್ದರು. ಅಂತಹ ಪತ್ರವಿದ್ದವನನ್ನು ಕಳ್ಳನೆಂದು ಎಣಿಸುತ್ತಿರಲಿಲ್ಲ. ಅದೇ ಮಾನದಂಡವನ್ನು ಮಲಬಾರಿನವರಿಗೆ ಅನ್ವಯಿಸಲಿಲ್ಲ. ಮತ್ತೊಂದೆಡೆ ಪೋರ್ಚುಗೀಸರು ‘ಕರ್ತಾಜ್’ ಎಂಬ ರಹದಾರಿ ಪತ್ರವಿಲ್ಲದ ಹಡಗುಗಳನ್ನು ತಾವೇ ವಶಪಡಿಸಿಕೊಳ್ಳುತ್ತಿದ್ದರು. ನಾಲ್ಕನೆಯ ಕುಂಞಾಲಿಗೆ ಸಾಮೂದಿರಿಯೊಂದಿಗೆ ವಿರಸ ಉಂಟಾದ ಬಳಿಕ, ಸಾಮೂದಿರಿ ಮತ್ತು ಪೋರ್ಚುಗೀಸರು ಒಂದಾಗಿ ಅವನ ಕೋಟೆಯನ್ನು ಗೆದ್ದರು. 1600ರಲ್ಲಿ ಅವನನ್ನು ಗೋವೆಯಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು.

ಕಾರ್ಯವಿಧಾನ

ಮುಂಗಾರಿನ ತಿಂಗಳುಗಳಲ್ಲಿ ಕಡಲ ಸಂಚಾರ ನಿಲ್ಲುತ್ತಿತ್ತು. ಮಳೆಗಾಲ ಮುಗಿದ ಬಳಿಕ, ಮರಳಿ ಮಳೆ ಹಿಡಿಯುವುದರೊಳಗೆ, ಕಾಫಿಲಾ ಅನೇಕ ಬಾರಿ ಗೋವೆ ಮತ್ತು ಕೆನರಾ ನಡುವೆ ಓಡಾಡುತ್ತಿತ್ತು. ಹತ್ತಾರು, ಕೆಲವೊಮ್ಮೆ ನೂರಾರು ಸಣ್ಣ ದೋಣಿಗಳು ಅದರಲ್ಲಿ ಸೇರುತ್ತಿದ್ದವು. ಹುಟ್ಟು ಮತ್ತು ಹಾಯಿ ಎರಡರಿಂದಲೂ ಚಲಿಸುವ ಹಗುರ ಯುದ್ಧನೌಕೆಗಳು ಬೆಂಗಾವಲಿಗಿರುತ್ತಿದ್ದವು. ಗಾಳಿಯನ್ನೇ ನಂಬಿದ ದೊಡ್ಡ ಹಡಗುಗಳು ಮಲಬಾರಿನ ಚುರುಕು ದೋಣಿಗಳನ್ನು ಬೆನ್ನಟ್ಟಲಾರವು. ಗುಂಪಿನಿಂದ ಹಿಂದುಳಿದ ದೋಣಿಗೆ ಅಪಾಯ ಹೆಚ್ಚು.

ಸರಕು ತುಂಬುವ ಬಂದರುಗಳನ್ನು ಕೈಯಲ್ಲಿಟ್ಟುಕೊಳ್ಳಲು ಪೋರ್ಚುಗೀಸರು 1568–69ರ ಅವಧಿಯಲ್ಲಿ ಮಂಗಳೂರು, ಹೊನ್ನಾವರ ಮತ್ತು ಬಸ್ರೂರುಗಳಲ್ಲಿ ನೆಲೆಯೂರಿದರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ನೌಕೆಗಳೊಡನೆ ಹೊನ್ನಾವರಕ್ಕೆ ಬಂದು, ಇಕ್ಕೇರಿ, ಬಸ್ರೂರು, ಮಂಗಳೂರುಗಳನ್ನು ಕಂಡು ಬರೆದ ಪತ್ರಗಳು ಈ ಕಾಲದ ಕರಾವಳಿಯ ಕುರಿತ ಮುಖ್ಯ ಆಕರಗಳು.

ಈ ರಕ್ಷಣೆ ಉಚಿತವಾಗಿರಲಿಲ್ಲ. ಬೆಂಗಾವಲಿನಲ್ಲಿ ಸಾಗುವ ವರ್ತಕನು ಪೋರ್ಚುಗೀಸರ ಸುಂಕದ ಕಟ್ಟೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಕ್ಕಿಯನ್ನು ಎಲ್ಲಿ ಮಾರಬೇಕೆಂಬ ಆಯ್ಕೆಯೂ ಅವನ ಕೈತಪ್ಪುತ್ತಿತ್ತು. ಕಾಫಿಲಾ ಏಕಕಾಲದಲ್ಲಿ ಕಾವಲೂ ಹೌದು, ಕಟ್ಟುಪಾಡೂ ಹೌದು.

ಅವನತಿ

ಕೆಳದಿಯ ಶಿವಪ್ಪ ನಾಯಕನು 1650ರ ದಶಕದ ಆರಂಭದಲ್ಲಿ ಕೆನರಾದ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. 1663ರಲ್ಲಿ ಕೊಚ್ಚಿ ಡಚ್ಚರ ಪಾಲಾಯಿತು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಕೊಳ್ಳೆಹೊಡೆದನು. 18ನೆಯ ಶತಮಾನದಲ್ಲಿ ಮರಾಠಾ ನೌಕಾನಾಯಕ ಕಾನ್ಹೋಜಿ ಆಂಗ್ರೆ ತನ್ನದೇ ರಹದಾರಿ ಪತ್ರ ನೀಡತೊಡಗಿದನು. ಸಮುದ್ರದ ಒಡೆತನ ಒಬ್ಬನದೇ ಎಂಬ ಪೋರ್ಚುಗೀಸರ ವಾದಕ್ಕೆ ಆಧಾರ ಉಳಿಯಲಿಲ್ಲ.

ಮೀನುಗಾರಿಕಾ ದೋಣಿಗಳ ರಕ್ಷಣೆ

ಕಾಫಿಲಾ ಸರಕು ದೋಣಿಗಳಿಗಾಗಿ ಇದ್ದ ಏರ್ಪಾಡು. ಒಂದೇ ಬಂದರಿನಿಂದ ಬಂದರಿಗೆ ಹೋಗುವ ದೋಣಿಗಳನ್ನು ಗುಂಪುಗೂಡಿಸಬಹುದು; ಬಲೆ ಬೀಸಲು ಚದುರಿ ಹೋಗುವ ದೋಣಿಗಳನ್ನು ಕಾಯುವುದು ಕಷ್ಟ. ಡಚ್ಚರು ತಮ್ಮ ಹೆರಿಂಗ್ ಮೀನಿನ ದೋಣಿಗಳಿಗೆ ಡಂಕರ್ಕಿನ ಖಾಸಗಿ ಯುದ್ಧನೌಕೆಗಳಿಂದ ರಕ್ಷಣೆ ನೀಡಲು 17ನೆಯ ಶತಮಾನದಲ್ಲಿ ಬೆಂಗಾವಲು ಕಳುಹಿಸುತ್ತಿದ್ದರೂ ನಷ್ಟ ತಪ್ಪಲಿಲ್ಲ. ಬಡ ಮೀನುಗಾರನಿಗೆ ನೌಕಾಪಡೆಗಿಂತ ಕಾನೂನಿನ ಮಾರ್ಗ ಹೆಚ್ಚು ಉಪಯುಕ್ತವಾಯಿತು. 1856ರ ಪ್ಯಾರಿಸ್ ಘೋಷಣೆ ಖಾಸಗಿ ಯುದ್ಧನೌಕೆಗಳ ಪದ್ಧತಿಯನ್ನು ರದ್ದುಗೊಳಿಸಿತು. 1898ರ ಸ್ಪೇನ್–ಅಮೆರಿಕ ಯುದ್ಧದಲ್ಲಿ ಸೆರೆಯಾದ ‘ಪಾಕೇತೆ ಹಬಾನಾ’ ಮತ್ತು ‘ಲೋಲಾ’ ಎಂಬ ಮೀನುಗಾರಿಕಾ ದೋಣಿಗಳ ಪ್ರಕರಣದಲ್ಲಿ, ಇಂತಹ ದೋಣಿಗಳನ್ನು ಯುದ್ಧದ ಸೊತ್ತಾಗಿ ಹಿಡಿಯುವಂತಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1900ರಲ್ಲಿ ತೀರ್ಪಿತ್ತಿತು. 1907ರ ಹೇಗ್ ಒಪ್ಪಂದವು ಈ ನಿಯಮವನ್ನು ಅಂಗೀಕರಿಸಿತು. ಆದರೆ ದೋಣಿಯು ಯುದ್ಧದಲ್ಲಿ ಯಾವುದೇ ರೀತಿಯಲ್ಲಿ ಪಾಲುಗೊಂಡರೆ ಈ ವಿನಾಯಿತಿ ಇಲ್ಲವಾಗುತ್ತದೆ.

ಈ ಷರತ್ತಿನ ಹಿಂದಿರುವ ಆತಂಕ ಇಂದಿಗೂ ಉಳಿದಿದೆ. 2008ರ ಮುಂಬಯಿ ದಾಳಿಕೋರರು ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಬಂದಿದ್ದರು. ಆ ಬಳಿಕ ಭಾರತದ ಕರಾವಳಿಯಲ್ಲಿ ಮೀನುಗಾರರ ಗುರುತಿನ ಚೀಟಿ ಮತ್ತು ದೋಣಿಗಳ ನೋಂದಣಿಯ ಕ್ರಮಗಳು ಬಿಗಿಯಾದವು. ಕರ್ನಾಟಕದ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಹೂಡೆಗೆ ಸಮೀಪದ ಮಲ್ಪೆಯಲ್ಲಿದೆ. ಕರ್ತಾಜ್ ವರ್ತಕನಿಂದ ಸುಂಕ ಪಡೆಯಲು ಹೊರಟ ಪತ್ರವಾಗಿತ್ತು. ಇಂದಿನ ಗುರುತಿನ ಚೀಟಿಯ ಉದ್ದೇಶ ಮೀನುಗಾರನ ಮತ್ತು ನಾಡಿನ ಸುರಕ್ಷತೆ.