ಉಮ್ಮನ ಕಾಲನ್ನು ಒಮ್ಮೆ ನೋಡಿ

ನಮ್ಮ ಮನೆಗಳಲ್ಲಿ ಐವತ್ತು ದಾಟಿದ ಉಮ್ಮಂದಿರ ಕಾಲನ್ನು ಯಾರೂ ನೋಡಿರುವುದಿಲ್ಲ. ಮಂಡಿನೋವು ಎಲ್ಲರಿಗೂ ಗೊತ್ತು, ಬಿಪಿ, ಶುಗರ್ ಮಾತ್ರೆಯ ಲೆಕ್ಕವೂ ಮಕ್ಕಳಿಗೆ ಗೊತ್ತು. ಆದರೆ ಮೀನಖಂಡದ ಮೇಲೆ ನೀಲಿ ಹಗ್ಗದ ಹಾಗೆ ಸುತ್ತಿಕೊಂಡು ಉಬ್ಬಿರುವುದು ಹೆತ್ತ ಮಗಳಿಗೂ ಗೊತ್ತಿಲ್ಲ. ಎಪ್ರಿಲ್ ಸೆಖೆಯಲ್ಲೂ ಮನೆಯೊಳಗೆ ಸಾಕ್ಸ್ ಹಾಕಿಕೊಂಡು ಓಡಾಡುತ್ತಾರೆ. ಮೊಮ್ಮಗಳ ಮದುವೆಯಲ್ಲಿ ಮದರಂಗಿಗೆ ಕೈ ಮಾತ್ರ ಚಾಚುತ್ತಾರೆ. ಕಾಲಿಗೆ ಅಂದರೆ, "ಈ ಪ್ರಾಯದಲ್ಲಿ ನನಗೆಂಥದು" ಎಂದು ನಗುತ್ತಾರೆ. ಮದುವೆ ಹಾಲ್‌ನಲ್ಲಿ ಉಳಿದ ಹೆಂಗಸರೆಲ್ಲ ವುಝೂ ಮಾಡಿ ಹೋದ ಮೇಲೆ ಇವರು ನಳ್ಳಿಯ ಹತ್ತಿರ ಹೋಗುತ್ತಾರೆ. ನೋವಿಗಿಂತ ಹೆಚ್ಚು ನಾಚಿಕೆ.

ನಾವು ಇದನ್ನು ನರ ಉಬ್ಬಿದ್ದು ಅನ್ನುತ್ತೇವೆ. ಅದು ನರವಲ್ಲ, ರಕ್ತನಾಳ. ವೈದ್ಯರು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ಪಾದದಿಂದ ರಕ್ತ ಮೇಲಕ್ಕೆ ಹೃದಯಕ್ಕೆ ಹತ್ತಬೇಕು. ಮೀನಖಂಡದ ಸ್ನಾಯು ಅದನ್ನು ಪಂಪ್‌ನ ಹಾಗೆ ಒತ್ತುತ್ತದೆ, ನಾಳದೊಳಗಿನ ಸಣ್ಣ ಕವಾಟಗಳು ಕೆಳಗೆ ಇಳಿಯದಂತೆ ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಅಲ್ಲೇ ನಿಂತು ನಾಳ ಉಬ್ಬುತ್ತದೆ. ಅಮ್ಮನಿಗೆ ಇದ್ದರೆ ಮಗಳಿಗೂ ಬರುವ ಸಾಧ್ಯತೆ ಹೆಚ್ಚು. ನಾಲ್ಕೈದು ಹೆರಿಗೆ, ಮೈಭಾರ, ಪ್ರಾಯ ಎಲ್ಲವೂ ಸೇರುತ್ತದೆ. ನಮ್ಮ ಕಡೆಯ ಹೆಂಗಸರ ಬದುಕೂ ಹಾಗೆಯೇ. ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂತರೆ ಗಂಟೆಗಟ್ಟಲೆ ಕಾಲು ಅಲುಗುವುದಿಲ್ಲ. ರಮಝಾನ್‌ನಲ್ಲಿ ಪತ್ತಿರ್ ಸುಡಲು ನಿಂತರೆ ಮಗ್ರಿಬ್ ಬಾಂಗ್ ತನಕ ನಿಂತೇ ಇರುತ್ತಾರೆ.

ಸಂಜೆಗೆ ಕಾಲು ಭಾರ, ಪಾದದ ಗಂಟಿನ ಹತ್ತಿರ ಬಾವು, ರಾತ್ರಿ ಸೆಳೆತ, ತುರಿಕೆ. ಇಲ್ಲಿಯ ತನಕ ಬಹಳ ಮಂದಿ ಸಹಿಸಿಕೊಂಡು ಹೋಗುತ್ತಾರೆ. ಒಳಗಂಟಿನ ಮೇಲೆ ಚರ್ಮ ಕಪ್ಪಾಗಿ ಗಟ್ಟಿಯಾಗತೊಡಗಿದರೆ ಮಾತ್ರ ಸುಮ್ಮನಿರಬಾರದು. ಅಲ್ಲಿ ಸಣ್ಣದೊಂದು ಗಾಯವಾದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಅಂಥ ಗಾಯವನ್ನು ಏಳು ತಿಂಗಳು ಸಾಕ್ಸ್ ಒಳಗೆ ಅಡಗಿಸಿಟ್ಟಿದ್ದರು. ವಾಸನೆ ಬಂದಾಗಲೇ ಸೊಸೆಗೆ ತಿಳಿದದ್ದು. ಅಷ್ಟರಲ್ಲಿ ಅರಿಶಿನ, ಎಣ್ಣೆ, ಯಾರೋ ಕೊಟ್ಟ ಮುಲಾಮು ಎಲ್ಲ ಆಗಿತ್ತು.

ಗಂಡಸು ಡಾಕ್ಟರಿಗೆ ಕಾಲು ತೋರಿಸುವುದು ಹೇಗೆ ಎಂದು ಮದ್ರಸಕ್ಕೆ ಬರುವ ಮಕ್ಕಳ ತಾಯಂದಿರು ನಮ್ಮಲ್ಲಿ ಕೇಳುವುದುಂಟು. ಮಹಿಳಾ ವೈದ್ಯೆ ಸಿಗುವುದಾದರೆ ಅವರಿಗೇ ತೋರಿಸಲಿ. ಸಿಗದಿದ್ದರೆ ಚಿಕಿತ್ಸೆಗೆ ಬೇಕಾದಷ್ಟು ಭಾಗವನ್ನು ಪುರುಷ ವೈದ್ಯರಿಗೂ ತೋರಿಸಬಹುದು, ಮಗಳೋ ಗಂಡನೋ ಜೊತೆಗಿರಲಿ. ಹಯಾ ಅಂದರೆ ಕಾಯಿಲೆ ಮುಚ್ಚಿಡುವುದಲ್ಲ. ಹೋಗಬೇಕಾದದ್ದು ಸರ್ಜನ್ ಹತ್ತಿರ, ಸಿಕ್ಕಿದರೆ ರಕ್ತನಾಳದ ತಜ್ಞರ ಹತ್ತಿರ. ಡಾಪ್ಲರ್ ಎಂಬ ಸ್ಕ್ಯಾನಿಂಗ್‌ನಲ್ಲಿ ಯಾವ ಕವಾಟ ಕೆಟ್ಟಿದೆ ಎಂದು ಕಾಣುತ್ತದೆ, ಅದರಲ್ಲಿ ನೋವಿಲ್ಲ. ಕೆಟ್ಟ ನಾಳವನ್ನು ಈಗ ಲೇಸರ್‌ನಲ್ಲಿ ಮುಚ್ಚುತ್ತಾರೆ, ಹೆಚ್ಚಿನವರು ಅದೇ ದಿನ ನಡೆಯುತ್ತಾರೆ. ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತದೆ ಎಂಬ ಹೆದರಿಕೆ ಬೇಡ, ಒಳಗಿನ ದೊಡ್ಡ ನಾಳಗಳು ಆ ಕೆಲಸ ಮಾಡುತ್ತವೆ. ಮುಂದೆ ಬೇರೆ ನಾಳ ಉಬ್ಬುವುದೂ ಇದೆ, ಅದನ್ನೂ ಮೊದಲೇ ಕೇಳಿಕೊಳ್ಳಿ.

ಎಲ್ಲರಿಗೂ ಲೇಸರ್ ಬೇಕಾಗುವುದಿಲ್ಲ. ಕೆಲವರಿಗೆ ಕಾಲನ್ನು ಬಿಗಿಯಾಗಿ ಹಿಡಿಯುವ ಸ್ಟಾಕಿಂಗ್ಸ್ ಬರೆದು ಕೊಡುತ್ತಾರೆ. ಅಳತೆ ತೆಗೆಸಿಯೇ ಕೊಳ್ಳಬೇಕು. ಶುಗರ್ ಇರುವವರು ಮೊದಲು ಕಾಲಿಗೆ ಇಳಿಯುವ ರಕ್ತ ಸರಿ ಇದೆಯಾ ಎಂದು ನೋಡಿಸಿಕೊಳ್ಳಬೇಕು. ನಮ್ಮವರಿಗೆ ಇಲ್ಲಿ ಒಂದು ತೊಂದರೆ ಇದೆ. ಈ ತೆಳು ಬಟ್ಟೆಯ ಮೇಲೆ ಸವರಿದರೆ ಶಾಫಿ ಮದ್‌ಹಬ್‌ನಲ್ಲಿ ವುಝೂ ಆಗುವುದಿಲ್ಲ, ಕಾಲು ತೊಳೆಯಲೇಬೇಕು. ದಿನಕ್ಕೆ ಐದು ಸಲ ಅದನ್ನು ಎಳೆದು ತೆಗೆದು ಹಾಕುವುದು ಯಾರಿಂದಾದೀತು? ವಾರದೊಳಗೆ ಅದು ಕಪಾಟು ಸೇರುತ್ತದೆ. ಸುಬಹಿ ನಮಾಝ್ ಆದ ಮೇಲೆ ಹಾಕಿಕೊಳ್ಳಿ. ಝುಹರ್‌ಗೆ ತೆಗೆದು ಕಾಲು ತೊಳೆದು ನಮಾಝ್ ಮುಗಿಸಿ, ಕಾಲಡಿಗೆ ಎರಡು ದಿಂಬು ಕೊಟ್ಟು, ಕಾಲು ಎದೆಗಿಂತ ಮೇಲಿರುವಂತೆ 15-20 ನಿಮಿಷ ಮಲಗಿ. ಆಮೇಲೆ ಮತ್ತೆ ಹಾಕಿ. ವುಝೂ ಉಳಿದಿದ್ದರೆ ಅಸರ್ ಅದರಲ್ಲೇ ಆಗುತ್ತದೆ. ಮಗ್ರಿಬ್‌ಗೆ ತೆಗೆದರೆ ಆ ದಿನಕ್ಕೆ ಸಾಕೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಗಾಯಕ್ಕೆ ಪಟ್ಟಿ ಕಟ್ಟಿದವರ ವುಝೂ ಬೇರೆ, ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿಯಿರಿ.

ಬೀಡಿಗೆ ಕೂತವರು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹೋಗಿ ಬರಲಿ. ಒಲೆಯ ಮುಂದೆ ನಿಂತವರು ಹಿಮ್ಮಡಿ ಎತ್ತಿ ಇಳಿಸುತ್ತಿರಲಿ. ಉಮ್ರಾಕ್ಕೆ ಹೊರಟವರೂ ಜಿದ್ದಾದ ವಿಮಾನದಲ್ಲಿ ಹೀಗೆಯೇ ಪಾದ ಆಡಿಸುತ್ತ, ಆಗಾಗ ಎದ್ದು ನಡೆಯುತ್ತ, ನೀರು ಕುಡಿಯುತ್ತ ಇರಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ತಿಕ್ಕಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ನಿಲ್ಲಿಸಿಕೊಂಡು ತೊಳೆಯಲು ಹೋಗಬೇಡಿ. ಮಲಗಿಸಿ, ಕಾಲು ಎತ್ತಿ ಹಿಡಿದು, ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಆಸ್ಪತ್ರೆಗೆ ಕರೆದೊಯ್ಯಿರಿ.