ಫಂಕ್ಷನಲ್ ಭಾಷೆಯಲ್ಲಿ ದಿನಕ್ಕೊಂದು ಪ್ರೋಗ್ರಾಮಿಂಗ್ ಒಗಟು

ದಿನಕ್ಕೊಂದು ಪ್ರೋಗ್ರಾಮಿಂಗ್ ಒಗಟು ಎಂಬುದು ಪ್ರೋಗ್ರಾಂ ಬರೆದು ಬಿಡಿಸಬೇಕಾದ ಸಮಸ್ಯೆಯನ್ನು ನಿತ್ಯವೂ ಒಂದರಂತೆ ನೀಡುವ ಅಭ್ಯಾಸಕ್ರಮವಾಗಿದೆ. ಇವುಗಳಲ್ಲಿ ಪ್ರಸಿದ್ಧವಾದದ್ದು ಎರಿಕ್ ವಾಸ್ಟಲ್ ಅವರು 2015ರಲ್ಲಿ ಆರಂಭಿಸಿದ 'ಅಡ್ವೆಂಟ್ ಆಫ್ ಕೋಡ್'. ಯಾವ ಭಾಷೆಯಲ್ಲಾದರೂ ಉತ್ತರ ಕಂಡುಹಿಡಿಯಬಹುದಾದರೂ, ಹ್ಯಾಸ್ಕೆಲ್, ಲಿಸ್ಪ್, ಓಕ್ಯಾಮಲ್, ಎಲಿಕ್ಸಿರ್ ಮುಂತಾದ ಫಂಕ್ಷನಲ್ ಭಾಷೆಗಳನ್ನು ಕಲಿಯಲು ಈ ಒಗಟುಗಳನ್ನು ಬಳಸುವವರು ಅನೇಕರಿದ್ದಾರೆ.

ಸ್ವರೂಪ

2015ರಿಂದ 2024ರವರೆಗೆ ಪ್ರತಿ ಡಿಸೆಂಬರ್ 1ರಿಂದ 25ರವರೆಗೆ ದಿನಕ್ಕೊಂದು ಒಗಟು ಪ್ರಕಟವಾಗುತ್ತಿತ್ತು. 2025ರಲ್ಲಿ ಇವುಗಳ ಸಂಖ್ಯೆ 12ಕ್ಕೆ ಇಳಿಯಿತು. ಒಗಟು ತೆರೆದುಕೊಳ್ಳುವುದು ಭಾರತೀಯ ಕಾಲಮಾನದ ಪ್ರಕಾರ ಬೆಳಿಗ್ಗೆ 10.30ಕ್ಕೆ. ಬಸವಕಲ್ಯಾಣ, ಹುಮನಾಬಾದ್‌ಗಳ ವಿದ್ಯಾರ್ಥಿಗೆ ಅದು ತರಗತಿಯಲ್ಲಿರುವ ವೇಳೆ. ಆದರೆ ಒಗಟುಗಳು ಮುಂದೆಯೂ ಉಚಿತವಾಗಿ ಲಭ್ಯವಿರುವುದರಿಂದ ಬಿಡುವಾದಾಗ ಬಿಡಿಸಬಹುದು. ಪ್ರತಿ ಒಗಟಿಗೂ ಎರಡು ಭಾಗಗಳಿವೆ. ಮೊದಲನೆಯದಕ್ಕೆ ಸರಿಯುತ್ತರ ಕೊಟ್ಟ ನಂತರವೇ ಎರಡನೆಯದು ಕಾಣಿಸುತ್ತದೆ.

ಫಂಕ್ಷನಲ್ ಭಾಷೆಯ ಲಕ್ಷಣ

ಈ ಭಾಷೆಗಳ ಹಿನ್ನೆಲೆಯಲ್ಲಿ 1930ರ ದಶಕದಲ್ಲಿ ಅಲೋಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನವಿದೆ. 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯನ್ನು ರೂಪಿಸತೊಡಗಿದರು. ಹ್ಯಾಸ್ಕೆಲ್ 1990ರಲ್ಲಿ ಬಂದಿತು. ಸಾಮಾನ್ಯ ಭಾಷೆಗಳಲ್ಲಿ 'ಇದನ್ನು ಮಾಡು, ಅನಂತರ ಈ ಬೆಲೆಯನ್ನು ಬದಲಿಸು' ಎಂದು ಆಜ್ಞೆಗಳನ್ನು ಬರೆಯುತ್ತೇವೆ. ಫಂಕ್ಷನಲ್ ಭಾಷೆಯಲ್ಲಿ, ಗಣಿತದಲ್ಲಿರುವಂತೆ, ಕೊಟ್ಟದ್ದಕ್ಕೂ ಬರಬೇಕಾದದ್ದಕ್ಕೂ ಇರುವ ಸಂಬಂಧವನ್ನು ಬರೆಯುತ್ತೇವೆ. ಒಮ್ಮೆ ಹೆಸರಿಟ್ಟ ಬೆಲೆ ಸಾಮಾನ್ಯವಾಗಿ ಬದಲಾಗುವುದಿಲ್ಲ.

2015ರ ಮೊದಲ ದಿನದ ಒಗಟು ಇದಕ್ಕೆ ಸರಳ ಉದಾಹರಣೆ. ತೆರೆಯುವ ಆವರಣ ಚಿಹ್ನೆ ಬಂದರೆ ಒಂದು ಮಹಡಿ ಮೇಲಕ್ಕೆ, ಮುಚ್ಚುವ ಚಿಹ್ನೆ ಬಂದರೆ ಒಂದು ಮಹಡಿ ಕೆಳಕ್ಕೆ ಹೋಗಬೇಕು. ಕೊನೆಗೆ ತಲುಪುವ ಮಹಡಿ ಯಾವುದು? ಪ್ರತಿ ಚಿಹ್ನೆಯನ್ನು +1 ಅಥವಾ −1 ಆಗಿ ಪರಿವರ್ತಿಸಿ ಕೂಡಿದರೆ ಉತ್ತರ ದೊರೆಯುತ್ತದೆ. ನೆಲಮಾಳಿಗೆಗೆ ಮೊದಲು ಇಳಿದದ್ದು ಎಷ್ಟನೆಯ ಚಿಹ್ನೆಯಲ್ಲಿ ಎಂಬುದು ಎರಡನೆಯ ಭಾಗ. ಇಲ್ಲಿ ಪ್ರತಿ ಹಂತದ ಮೊತ್ತವನ್ನೂ ಪಟ್ಟಿಮಾಡಬೇಕು. '())(' ಎಂಬ ಸಾಲಿಗೆ ಆ ಪಟ್ಟಿ 1, 0, −1, 0 ಆಗುತ್ತದೆ. ಆದ್ದರಿಂದ ಮೊದಲ ಉತ್ತರ 0, ಎರಡನೆಯದು 3.

ಪುನರಾವರ್ತನೆ ಮತ್ತು ಛಂದಸ್ಸು

ಸಮಸ್ಯೆಯನ್ನು ಅದರದೇ ಚಿಕ್ಕ ರೂಪಕ್ಕೆ ಇಳಿಸುವುದು ಫಂಕ್ಷನಲ್ ಭಾಷೆಯ ಮುಖ್ಯ ವಿಧಾನ. ಕನ್ನಡ ವಿದ್ಯಾರ್ಥಿಗೆ ಇದನ್ನು ಛಂದಸ್ಸಿನಿಂದ ವಿವರಿಸಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಯಾವುದೇ ಗಣವು ಲಘುವಿನಲ್ಲಿ ಅಥವಾ ಗುರುವಿನಲ್ಲಿ ಮುಗಿಯಬೇಕು. ಆದುದರಿಂದ ನಾಲ್ಕು ಮಾತ್ರೆಯ ವಿನ್ಯಾಸಗಳು ಎಂದರೆ ಮೂರು ಮಾತ್ರೆಯವು ಮತ್ತು ಎರಡು ಮಾತ್ರೆಯವುಗಳ ಮೊತ್ತ: 3 + 2 = 5. ಕಂದಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಈ ಐದು ರೂಪಗಳು ಪರಿಚಿತ. 1, 2, 3, 5, 8 ಎಂಬ ಈ ಶ್ರೇಢಿಯನ್ನು ಫಿಬೊನಾಚಿಯ 1202ರ ಗ್ರಂಥಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರರು ಛಂದಶ್ಶಾಸ್ತ್ರದಲ್ಲಿ ನಿರೂಪಿಸಿದ್ದರು.

ನಲವತ್ತು ಮಾತ್ರೆಗೆ ವಿನ್ಯಾಸಗಳ ಸಂಖ್ಯೆ 16,55,80,141. ಮೇಲಿನ ನಿಯಮವನ್ನು ಹಾಗೆಯೇ ಬರೆದರೆ ಯಂತ್ರವು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ. ಒಮ್ಮೆ ಕಂಡ ಉತ್ತರವನ್ನು ನೆನಪಿನಲ್ಲಿಟ್ಟರೆ ಸುಮಾರು ನಲವತ್ತು ಕೂಡುವಿಕೆಗಳು ಸಾಕು.

ಎರಡನೆಯ ಭಾಗದ ಪರೀಕ್ಷೆ

2021ರ ಆರನೆಯ ದಿನದ ಒಗಟಿನಲ್ಲಿ ಮೀನುಗಳು ಏಳು ದಿನಕ್ಕೊಮ್ಮೆ ಮರಿಹಾಕುತ್ತವೆ. ಹೊಸ ಮರಿಗೆ ಮೊದಲ ಬಾರಿ ಎರಡು ದಿನ ಹೆಚ್ಚು ಬೇಕು. ಮಾದರಿಯ ಐದು ಮೀನುಗಳು 80 ದಿನಗಳಲ್ಲಿ 5,934 ಆಗುತ್ತವೆ. ಒಂದೊಂದು ಮೀನನ್ನೂ ಪಟ್ಟಿಯಲ್ಲಿಟ್ಟು ಎಣಿಸಿದರೂ ಇದು ಸಾಧ್ಯ. ಎರಡನೆಯ ಭಾಗ 256 ದಿನಗಳನ್ನು ಕೇಳುತ್ತದೆ. ಆಗ ಮೀನುಗಳು 2,698 ಕೋಟಿ ಮೀರುತ್ತವೆ, ಪಟ್ಟಿ ಯಂತ್ರದ ಸ್ಮೃತಿಯಲ್ಲಿ ಹಿಡಿಸುವುದಿಲ್ಲ. ಮರಿಹಾಕಲು ಉಳಿದ ದಿನ 0ಯಿಂದ 8ರವರೆಗೆ ಮಾತ್ರ ಇರುವುದರಿಂದ, ಯಾವ ಹಂತದಲ್ಲಿ ಎಷ್ಟು ಮೀನುಗಳಿವೆ ಎಂಬ ಒಂಬತ್ತು ಸಂಖ್ಯೆಗಳೇ ಸಾಕೆಂದು ಕಾಣುವುದೇ ಪರಿಹಾರ.

ಮಿತಿಗಳು

ನಕ್ಷೆಯ ಚೌಕಗಳನ್ನು ಪದೇ ಪದೇ ಬದಲಿಸಬೇಕಾದ ಒಗಟುಗಳಲ್ಲಿ, ಬದಲಾಗದ ಬೆಲೆಗಳ ನಿಯಮ ತೊಡಕಾಗಬಹುದು. ಹ್ಯಾಸ್ಕೆಲ್‌ನಲ್ಲಿ ಬೆಲೆಯನ್ನು ಬೇಕಾದಾಗ ಮಾತ್ರ ಲೆಕ್ಕಹಾಕುವುದರಿಂದ, ಸ್ಮೃತಿ ಎಲ್ಲಿ ವ್ಯಯವಾಗುತ್ತಿದೆ ಎಂದು ಊಹಿಸುವುದು ಹೊಸಬರಿಗೆ ಕಷ್ಟ.

ಕಲ್ಯಾಣದ ಪರಂಪರೆ

ಒಗಟನ್ನು ವಿದ್ಯಾವಿನೋದವಾಗಿ ಕಾಣುವ ದೃಷ್ಟಿ ಈ ನೆಲಕ್ಕೆ ಹೊಸದಲ್ಲ. ಇಂದಿನ ಬಸವಕಲ್ಯಾಣವು ರಾಜಧಾನಿಯಾಗಿದ್ದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'. ಐದು ವಿಂಶತಿಗಳ ಈ ಗ್ರಂಥದ ಕೊನೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚದುರಂಗದೊಂದಿಗೆ ಪ್ರಹೇಲಿಕೆ, ಅಂದರೆ ಒಗಟಿನ ಆಟಕ್ಕೂ ಸ್ಥಾನವಿದೆ.

ಕೃತಕ ಬುದ್ಧಿಮತ್ತೆ

ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಇಂತಹ ಅನೇಕ ಒಗಟುಗಳಿಗೆ ಕ್ಷಣಮಾತ್ರದಲ್ಲಿ ಉತ್ತರ ಬರೆಯುತ್ತವೆ. ಅವುಗಳಿಂದ ಒಗಟು ಬಿಡಿಸಬಾರದೆಂಬುದು ಅಡ್ವೆಂಟ್ ಆಫ್ ಕೋಡ್‌ನ ಸಲಹೆ. ವೇಗಕ್ಕೆ ಅಂಕ ನೀಡುತ್ತಿದ್ದ ಜಾಗತಿಕ ಶ್ರೇಯಾಂಕ ಪಟ್ಟಿಯೂ 2025ರಲ್ಲಿ ನಿಂತಿತು. ಮೀನಿನ ಒಗಟಿಗೆ ಬೇರೆಯವರ ಉತ್ತರವನ್ನು ನಕಲು ಮಾಡಿದವನಿಗೆ ಸಂಖ್ಯೆ ಸಿಗುತ್ತದೆ. ಪಟ್ಟಿಯನ್ನು ಒಂಬತ್ತು ಸಂಖ್ಯೆಗಳಿಗೆ ಇಳಿಸುವ ಉಪಾಯ ಅವನದಾಗುವುದಿಲ್ಲ.